ಬನ್ನಿ ಅನ್ನುವವರು, ಹೊರಡಿ ಅನ್ನುವವರು

ಮ್ಯಾಂಚೆಸ್ಟರ್ ಪಕ್ಕದ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಕ್ಕೆ ಪಾಚಿ ನೆಡಲು ಹೋಗಿದ್ದೆ. ಹೌದು, ಪಾಚಿಯೇ. ನಾವು ಮಳೆಗಾಲದಲ್ಲಿ ಅಂಗಳದಿಂದ ಉಜ್ಜಿ ತೆಗೆಯುವುದನ್ನು ಇವರು ಮಂಡಿಯೂರಿ ನೆಡುತ್ತಾರೆ. ಮಿಲ್ಲುಗಳ ಹೊಗೆ ತಿಂದು ಬೋಳಾದ ಗುಡ್ಡ ಅದು. ಸ್ಫ್ಯಾಗ್ನಮ್ ಅನ್ನುವ ಈ ಪಾಚಿ ಮತ್ತೆ ಹಬ್ಬಿಕೊಂಡರೆ ಮಳೆನೀರು ಒಮ್ಮೆಲೇ ಇಳಿಯದೆ ನಿಲ್ಲುತ್ತದೆ, ಕೆಳಗಿನ ಊರುಗಳಿಗೆ ನೆರೆಯ ಕಾಟ ಸ್ವಲ್ಪ ಕಮ್ಮಿ. ಕೆಲಸ ಮುಗಿದ ಮೇಲೆ ಗ್ರೂಪ್ ಫೋಟೋ. ಕ್ಯಾಮೆರಾ ಹಿಡಿದಾಕೆ ನನ್ನನ್ನೂ ಒಬ್ಬ ಸೊಮಾಲಿ ಹುಡುಗನನ್ನೂ ಹುಡುಕಿ ತಂದು ಮುಂದೆ ನಿಲ್ಲಿಸಿದರು. ಬೆಳಿಗ್ಗೆಯಿಂದ ನಮಗಿಂತ ಜಾಸ್ತಿ ನೆಟ್ಟಿದ್ದ ರಿಟೈರ್ಡ್ ಮೇಷ್ಟ್ರು ಹಿಂದಿನ ಸಾಲಿಗೆ ಹೋದರು. ಸ್ವಲ್ಪ ಚುಚ್ಚಿತು. ಮನೆಯಲ್ಲಿ ಹೇಳಿದರೆ ಹೆಂಡತಿ "ಅಂತೂ ಬ್ರೋಷರ್‌ಗೆ ಬಂದ್ರಲ್ಲ ಬಿಡಿ" ಅಂದು ನಕ್ಕಳು.

ಆದರೆ ಇವರು ನಮ್ಮಂಥವರನ್ನು ಹೀಗೆ ಹುಡುಕುವುದು ಸುಮ್ನೆ ಅಲ್ಲ. 1951ರಲ್ಲಿ ಆದ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಇದು. ಮ್ಯಾಂಚೆಸ್ಟರ್, ಶೆಫೀಲ್ಡ್ ಎರಡೂ ಹತ್ತಿರ. ಆ ಊರುಗಳಲ್ಲಿ ಪಾಕಿಸ್ತಾನಿಗಳು, ಬಾಂಗ್ಲಾದೇಶಿಗಳು, ಕೆರಿಬಿಯನ್ನರು, ನಮ್ಮವರು ತುಂಬಿದ್ದಾರೆ. ಬೆಟ್ಟದ ಮೇಲೆ ನೋಡಿದರೆ ಎಲ್ಲ ಬಿಳಿ ಮುಖ. 2019ರಲ್ಲಿ ರಾಷ್ಟ್ರೀಯ ಉದ್ಯಾನಗಳ ಬಗ್ಗೆ ಸರ್ಕಾರವೇ ಬರೆಸಿದ ಗ್ಲೋವರ್ ವರದಿ ಇದನ್ನು ಮುಚ್ಚಿಡದೆ ಹೇಳಿತು: ಇಲ್ಲಿನ ಹಳ್ಳಿಗಾಡು ಬಿಳಿಯರ ಜಾಗ ಎಂದೇ ಎಷ್ಟೋ ಜನರಿಗೆ ಅನಿಸುತ್ತದೆ.

ನಮ್ಮ ಕನ್ನಡ ಬಳಗದವರನ್ನು ಕರೆದು ನೋಡಿ, ಗೊತ್ತಾಗುತ್ತದೆ. ಟಾಯ್ಲೆಟ್ ಇದೆಯಾ, ನಾಯಿ ಬಿಟ್ಟಿರ್ತಾರಾ, ಚಿತ್ರಾನ್ನದ ಡಬ್ಬಿ ತೆಗೆದರೆ ಯಾರಾದರೂ ದುರುಗುಟ್ಟಿ ನೋಡ್ತಾರಾ. ಕೊನೆಯದನ್ನು ತಮಾಷೆಗೆ ಕೇಳುತ್ತಾರೆ, ಆದರೆ ಪೂರ್ತಿ ತಮಾಷೆಯಲ್ಲ. ನನಗೆ ಹಿಡಿಸಿದ್ದು ಈ ಪ್ರಶ್ನೆಗಳಿಗೂ ಇಲ್ಲಿ ಯಾರೋ ಕೂತು ಉತ್ತರ ಹುಡುಕಿದ್ದಾರೆ ಎನ್ನುವುದು. ಕ್ಯಾಂಪೇನ್ ಫಾರ್ ನ್ಯಾಷನಲ್ ಪಾರ್ಕ್ಸ್ ಎಂಬ ಸಂಸ್ಥೆ ಮೊಸಾಯಿಕ್ ಅಂತ ಒಂದು ಯೋಜನೆ ನಡೆಸಿತ್ತು. ಆಯಾ ಸಮುದಾಯದವರನ್ನೇ ಆರಿಸಿ ತರಬೇತಿ ಕೊಡುವುದು, ಅವರು ತಮ್ಮವರನ್ನು ಕರೆತರುವುದು. ನಮ್ಮ ಅಕ್ಕ ಕರೆದರೆ ನಾವು ಹೋಗ್ತೀವಿ, ಪೋಸ್ಟರ್ ನೋಡಿ ಯಾರು ಹೋಗ್ತಾರೆ ಹೇಳಿ.

ಜನ ಬರದಿದ್ದರೆ ಇಲ್ಲಿ "ನಮ್ಮಲ್ಲೇ ಏನೋ ಐಬಿರಬೇಕು" ಅನ್ನುತ್ತಾರೆ. ನಮ್ಮೂರಲ್ಲಿ "ಜನರಿಗೆ ಅರಿವಿಲ್ಲ" ಅನ್ನುತ್ತೇವೆ. ರಜೆಗೆ ಬಂದಾಗ ಬೆಂಗಳೂರು ಪೇಟೆಯಲ್ಲಿ ಒಂದು ಹೆರಿಟೇಜ್ ವಾಕ್‌ಗೆ ಹೋಗಿದ್ದೆ. ಪೂರ್ತಿ ಇಂಗ್ಲಿಷ್. ತಲೆಮಾರುಗಳಿಂದ ಅದೇ ಬೀದಿಯಲ್ಲಿರುವ ಹೂವಿನವರು ನಮ್ಮನ್ನು ನೋಡುತ್ತಾ ನಿಂತಿದ್ದರು, ನಾವು ಅವರ ಫೋಟೋ ತೆಗೆದುಕೊಂಡೆವು. ಅವರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕಾಡಿನ ವಿಷಯ ಇನ್ನೂ ಖಾರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ನೋಡಿ. 1974ರಲ್ಲಿ ಅದು ಅಭಯಾರಣ್ಯ ಆಯಿತು, ಒಳಗಿನ ಪೋಡುಗಳಿಂದ, ಅಂದರೆ ಅವರ ಹಾಡಿಗಳಿಂದ, ಅವರನ್ನು ಎಬ್ಬಿಸಿದೆವು. ನೆಲದ ಒಣ ತರಗೆಲೆ ಸುಡಲು ಅವರು ಹಾಕುತ್ತಿದ್ದ ತರಗು ಬೆಂಕಿಯನ್ನೂ ನಿಲ್ಲಿಸಿದೆವು. ಆ ಸಣ್ಣ ಬೆಂಕಿ ನಿಂತ ಮೇಲೆಯೇ ಲಂಟಾನ ಕಳೆ ಕಾಡು ತುಂಬಿತು ಅಂತ ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಇಲ್ಲಿ, ಜನ್ಮದಲ್ಲಿ ಪಾಚಿ ನೆಡದ ನನ್ನಂಥವನನ್ನು ಬಸ್ಸಿಟ್ಟು ಕರೆದೊಯ್ದು ಟೀ ಕೊಟ್ಟು "ಮತ್ತೆ ಬನ್ನಿ" ಅನ್ನುತ್ತಾರೆ. ಅಲ್ಲಿ, ಪ್ರತಿ ಗಿಡದ ಹೆಸರು ಬಲ್ಲವರಿಗೆ "ಹೊರಡಿ" ಅಂದೆವು. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತೆ.

ಸರಿ, ಅಲ್ಲೂ ಎಲ್ಲ ಹಾಗೇ ಉಳಿದಿಲ್ಲ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಮೀಸಲು ಪ್ರದೇಶದೊಳಗೆ. ಕೊಡಗಿನ ದೇವರಕಾಡುಗಳಿಗೆ ಸ್ವಯಂಸೇವಕರು ಬೇಕು ಅಂತ ಯಾರೂ ಜಾಹೀರಾತು ಕೊಟ್ಟಿಲ್ಲ, ಊರವರೇ ಕಾದುಕೊಂಡು ಬಂದಿದ್ದಾರೆ.

ಇನ್ನು ಇಲ್ಲಿಯವರು ಹುಟ್ಟಾ ಉದಾರಿಗಳು ಅಂದುಕೊಳ್ಳಬೇಡಿ. ಇದೇ ಬೆಟ್ಟಸಾಲಿನ ಕಿಂಡರ್ ಸ್ಕೌಟ್ ಅನ್ನುವ ಗುಡ್ಡಕ್ಕೆ 1932ರ ಏಪ್ರಿಲ್‌ನಲ್ಲಿ ಕೂಲಿಕಾರರು, ಹುಡುಗರು ನಮಗೂ ಓಡಾಡಲು ಬಿಡಿ ಅಂತ ಗುಂಪಾಗಿ ನುಗ್ಗಿದಾಗ ಜಮೀನ್ದಾರರ ಕಾವಲುಗಾರರು ತಡೆದರು, ಕೋರ್ಟು ಕೆಲವರನ್ನು ಜೈಲಿಗೆ ಕಳಿಸಿತು. ಮುಂದಾಳು ಬೆನ್ನಿ ರಾಥ್‌ಮನ್, ರೊಮೇನಿಯಾದಿಂದ ಬಂದ ಯೆಹೂದಿ ದಂಪತಿಯ ಮಗ, ಆಗಿನ್ನೂ ಇಪ್ಪತ್ತರ ಹುಡುಗ. ಈಗ ನಮ್ಮನ್ನು ಕರೆಯುವ ಬೆಟ್ಟದ ಬಾಗಿಲು ತೆಗೆಸಿದವರಲ್ಲೂ ವಲಸೆ ಬಂದವರ ಮಗನೊಬ್ಬ ಇದ್ದ, ಅಲ್ವಾ.

ಮತ್ತೆ ಈ "ಬನ್ನಿ ಬನ್ನಿ" ಕೂಡ ಗ್ರಾಂಟ್ ಇರುವವರೆಗೆ ಮಾತ್ರ. ನಮ್ಮ ಏರಿಯಾದಿಂದ ಹೊರಡುತ್ತಿದ್ದ ಮಿನಿಬಸ್ ದುಡ್ಡು ಮುಗಿದ ಮೇಲೆ ನಿಂತಿತು. ಕಮಿಟಿಯಲ್ಲಿ ಕೂತವರು ಈಗಲೂ ಬಹುಪಾಲು ಬಿಳಿಯರೇ. ಕಾರಿದ್ದ ನಾಲ್ಕು ಜನ ಉಳಿದೆವು. ಆ ಸೊಮಾಲಿ ಹುಡುಗನಿಗೆ ಕಾರಿಲ್ಲ, ಈಗ ಬರುತ್ತಿಲ್ಲ.