ದಾಖಲೆ ಸುರಕ್ಷಿತ, ಎರಡು ಜೆರಾಕ್ಸ್ ತನ್ನಿ

ತುಮಕೂರಿನ ಒಂದು ಪತ್ತಿನ ಸಹಕಾರ ಸಂಘ. ಹೆಸರು ಬೇಡ ಬಿಡಿ. ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ: 'ಡೇಟಾಬೇಸ್ ಅಪ್‌ಗ್ರೇಡ್ ನಡೆಯುತ್ತಿದೆ. ಸದಸ್ಯರ ದಾಖಲೆಗಳು ಸಂಪೂರ್ಣ ಸುರಕ್ಷಿತ.' ಅದರ ಕೆಳಗೆ ಕೆಂಪು ಇಂಕಿನಲ್ಲಿ: 'ಪಾಸ್‌ಬುಕ್ಕಿನ ಎರಡು ಜೆರಾಕ್ಸ್ ಕಡ್ಡಾಯ.' ಮೊದಲ ಸಾಲನ್ನು ಯಾರೂ ನಂಬಲಿಲ್ಲ. ಎರಡನೆಯದನ್ನು ಓದಿದ ಕೂಡಲೇ ಎಲ್ಲರೂ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗೆ ಓಡಿದರು.

ಒಳಗೆ ಕಂಪ್ಯೂಟರಿನಲ್ಲಿ ಸದಸ್ಯರ ಲೆಕ್ಕ ಇಟ್ಟಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಂತೆ. ಅದರ ಆವೃತ್ತಿ ಬದಲಿಸಲು ಪಿಜಿ ಅಪ್‌ಗ್ರೇಡ್ ಎಂಬ ಸಾಧನ ಇದೆ. ಮೊದಲು ಪಿಜಿ ಮೈಗ್ರೇಟರ್ ಅಂತಿದ್ದರು. 2010ರಲ್ಲಿ, 9.0 ಆವೃತ್ತಿಯಿಂದ, ಡೇಟಾಬೇಸಿನ ಜೊತೆಗೇ ಬರತೊಡಗಿತು. ಅದನ್ನು ಬರೆದವರಿಗೆ ಜನರ ಅನುಮಾನ ಚೆನ್ನಾಗಿ ಗೊತ್ತು. ಅದಕ್ಕೇ 'ಚೆಕ್' ಅಂತ ಒಂದು ಆಯ್ಕೆ ಇಟ್ಟಿದ್ದಾರೆ. ಹಳೆಯ ಸರ್ವರ್ ಓಡುತ್ತಿರುವಾಗಲೇ, ಒಂದಕ್ಷರವನ್ನೂ ಬದಲಿಸದೆ, ಹಳೆಯದು ಹೊಸದಕ್ಕೆ ಹೊಂದುತ್ತೋ ಇಲ್ಲವೋ ನೋಡಿ ಹೇಳುತ್ತದೆ.

'ಅದನ್ನ ಮಾಡಿದ್ರಾ?' ಎಂದು ಕೇಳಿದೆ. ಕಾರ್ಯದರ್ಶಿಗಳು ಕನ್ನಡಕ ತೆಗೆದರು. 'ಸಾರ್, ಪರೀಕ್ಷೆ ಮಾಡಿದ್ರೆ ತಪ್ಪು ಕಾಣುತ್ತೆ. ತಪ್ಪು ಕಂಡ್ರೆ ಬರೆದು ಕಳಿಸಬೇಕು. ಬರೆದ್ರೆ ಯಾರು ಹೊಣೆ ಅಂತ ಕೇಳ್ತಾರೆ. ಸುಮ್ನೆ ಯಾಕೆ?'

ಇನ್ನೊಂದು ಆಯ್ಕೆ 'ಲಿಂಕ್'. ಫೈಲುಗಳನ್ನು ನಕಲು ಮಾಡುವುದಿಲ್ಲ. ಹಳೆಯ ಫೈಲುಗಳನ್ನೇ ಹೊಸ ಸರ್ವರ್ ಬಳಸಿಕೊಳ್ಳುತ್ತದೆ. ಡಿಸ್ಕ್ ಉಳಿಯುತ್ತೆ, ಕೆಲಸ ಬೇಗ ಮುಗಿಯುತ್ತೆ. ಆದರೆ ಹೊಸ ಸರ್ವರ್ ಒಮ್ಮೆ ಶುರುವಾಯಿತೋ, ಹಳೆಯದಕ್ಕೆ ಹಿಂದಿರುಗುವ ದಾರಿ ಮುಚ್ಚಿತು. ಬ್ಯಾಕಪ್ ಇದ್ದರೆ ಮಾತ್ರ ಬದುಕು. ಇದು ಗುಟ್ಟೇನಲ್ಲ, ಕೈಪಿಡಿಯಲ್ಲೇ ಬರೆದಿದ್ದಾರೆ. ನಮ್ಮ ಸಂಘ ಆರಿಸಿಕೊಂಡಿದ್ದು ಇದನ್ನೇ. ಸರ್ವಸದಸ್ಯರ ಸಭೆಯೊಳಗೆ ಮುಗಿಸಬೇಕಲ್ವಾ? ಅಧ್ಯಕ್ಷರ ಫೋಟೋ ಇರುವ ಫ್ಲೆಕ್ಸ್ ಆಗಲೇ ಪ್ರಿಂಟಾಗಿತ್ತು.

'ಮತ್ತೆ ಬ್ಯಾಕಪ್?'

'ಇಲ್ದೆ ಏನು ಸಾರ್? ಸದಸ್ಯರ ಮನೇಲಿ ಪಾಸ್‌ಬುಕ್ ಇದೆಯಲ್ಲ!'

ಅಷ್ಟರಲ್ಲಿ ಕೌಂಟರಿನಲ್ಲಿ ಗುಬ್ಬಿ ಕಡೆಯ ಅಜ್ಜಿಯೊಬ್ಬರ ಸರದಿ ಬಂತು. ಪರದೆಯ ಮೇಲೆ ಅವರ ಉಳಿತಾಯ ಸೊನ್ನೆ. ಹುಡುಗ ತಡಬಡಾಯಿಸಲಿಲ್ಲ, ರೂಢಿಯಾಗಿತ್ತು ಅಂತ ಕಾಣುತ್ತೆ. 'ಪಾಸ್‌ಬುಕ್ ಕೊಟ್ಟೋಗಿ ಅಜ್ಜಿ, ನೋಡ್ಕೊಂಡು ಟೈಪ್ ಮಾಡ್ತೀವಿ. ನಂಬಿಕೆ ಇರಲಿ' ಅಂದ.

ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಅದನ್ನು ತೆಗೆದರು. ಆದರೆ ಕೈಬಿಡಲಿಲ್ಲ.

'ಇಸ್ಕೊಳಪ್ಪ, ಬ್ಯಾಡ ಅನ್ನಲ್ಲ. ಅದ್ಕೂ ಮೊದ್ಲು ಇಸ್ಕೊಂಡಿದೀನಿ ಅಂತ ಒಂದು ರಸೀದಿ ಕೊಡು. ಕಂಪ್ಯೂಟರ್‌ದು ಬ್ಯಾಡ. ಕೈಯಾಗೆ ಬರ್ದು ಸೀಲ್ ಹಾಕು.'