ಸತ್ತವರ ಮುಂದೆ ನಕ್ಕವನು ನಾನೇ

ಕಳೆದ ಭಾನುವಾರ ರಾತ್ರಿಯಿಂದ ಬಾಗಲಕೋಟೆಯ ನವನಗರದಲ್ಲಿ ನಾನು ಮುಖ ಮುಚ್ಚಿಕೊಂಡು ಓಡಾಡುತ್ತಿದ್ದೇನೆ. ಹಾಲಿನವನಿಂದ ಹಿಡಿದು ಕಟಿಂಗ್ ಅಂಗಡಿಯವನವರೆಗೆ ಎಲ್ಲರದೂ ಒಂದೇ ಪ್ರಶ್ನೆ. "ಯಾಕ್ರೀ ಸರ, ಮಂದಿ ಸತ್ತಿದ್ದಕ್ಕ ಅಷ್ಟ್ಯಾಕ ನಕ್ಕೀರಿ?"

ನಕ್ಕಿದ್ದು ನಿಜ. ಆದರೆ ಸತ್ತವರನ್ನು ನೋಡಿ ಅಲ್ಲ.

ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಒಂದು ಚಾನೆಲ್ಲಿನವರ ಸಿನಿಮಾ ಪ್ರಶಸ್ತಿ ಸಮಾರಂಭ ಇತ್ತು. ತಂಗಿಯ ಮಗ ಎರಡು ಪಾಸ್ ಕೊಡಿಸಿದ. ಹೆಂಡತಿ ಟೋಪ ತೆನಿ ಸೆರಗಿನ ಇಳಕಲ್ ಸೀರೆ ಉಟ್ಟಳು. ನಾನು ಸ್ವೆಟರ್, ಮಫ್ಲರ್, ಮಂಕಿ ಟೋಪಿ ಏರಿಸಿದೆ. ಬೆಳಗಾವಿಯ ಡಿಸೆಂಬರ್ ಚಳಿ, ಮೇಲೆ ಬಯಲು. ಬಸ್ಸಿನಲ್ಲಿ ನಾಲ್ಕು ತಾಸು ಕುಲುಕಾಡಿ ಹೋಗಿ ಮುಟ್ಟಿದೆವು.

ಪಾಸಿನ ಮೇಲೆ 'ವಿಐಪಿ' ಅಂತ ಬಂಗಾರದ ಅಕ್ಷರ. ಒಳಗೆ ಹೋದರೆ ವಿಐಪಿ ಮುಂದೆ ವಿವಿಐಪಿ, ಅದರ ಮುಂದೆ ಪ್ಲಾಟಿನಂ, ಅದರ ಮುಂದೆ ಸೋಫಾ. ನಮ್ಮದು ಲೈಟಿನ ಕಂಬದ ಹಿಂದೆ. ಐದಕ್ಕೆ ಶುರು ಅಂದಿದ್ದರು, ಎಂಟೂವರೆಯಾದರೂ ವೇದಿಕೆ ಮೇಲೆ ನರಪಿಳ್ಳೆ ಇಲ್ಲ. 1924ರಲ್ಲಿ ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಬಂದಿದ್ದು ಇದೇ ಊರಿಗೆ. ಆ ಮಣ್ಣಿನ ಗುಣ ಇರಬೇಕು, ಯಾರೂ ಕುರ್ಚಿ ಎತ್ತಿ ಒಗೆಯಲಿಲ್ಲ.

ಆಗ ಬಂದ, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಬೆಂಗಳೂರಿನ ಹುಡುಗ.

"ಎಲ್ರೂ ಚಪ್ಪಾಳೆ ಹೊಡೀರಿ ಸರ್."

"ಯಾರಿಗ್ರೀ?"

"ಯಾರಿಗೂ ಅಲ್ಲ ಸರ್. ಸುಮ್ನೆ ಹೊಡೀರಿ. ಆಮೇಲೆ ಎಡಿಟಿಂಗ್‌ನಲ್ಲಿ ಹಾಕ್ತೀವಿ."

ಖಾಲಿ ವೇದಿಕೆಗೆ ಚಪ್ಪಾಳೆ ಹೊಡೆದೆವು. "ಎನರ್ಜಿ ಸಾಲ್ದು ಸರ್" ಅಂದ. ಮತ್ತೆ ಹೊಡೆದೆವು. ಆಮೇಲೆ ಆಶ್ಚರ್ಯ ಪಡಿ ಅಂದ. ಪಟ್ಟೆವು. "ಎನರ್ಜಿ ಸಾಲ್ದು." ಕಣ್ಣೊರೆಸಿಕೊಳ್ಳಿ ಅಂದ. ಚಳಿಗೆ ಮೂಗು ಸೋರುತ್ತಿತ್ತು, ಹೆಂಡತಿ ಅದನ್ನೇ ಒರೆಸಿಕೊಂಡಳು. ಅವನಿಗೆ ಅದು ಭಾರೀ ಹಿಡಿಸಿತು. ಕೊನೆಗೆ ನಗು. ನೇರ ನನ್ನ ಹತ್ತಿರ ಬಂದ. "ಅಂಕಲ್, ಟೋಪಿ ತೆಗೀರಿ, ಮುಖ ಕಾಣ್ತಿಲ್ಲ."

ತೆಗೆದೆ. ನಕ್ಕೆ. "ಇನ್ನೂ ಎನರ್ಜಿ." ನಕ್ಕೆ. "ಹಲ್ಲು ಕಾಣ್ಲಿ." ನಾಲ್ಕನೇ ಸಲಕ್ಕೆ ದವಡೆ ನೋಯತೊಡಗಿತು. ಐದನೇ ಸಲಕ್ಕೆ ಹೆಂಡತಿ ಮೆತ್ತಗೆ ಅಂದಳು, "ರೀ, ಸಾವಕಾಶ, ಹಲ್ಲಿನ ಸೆಟ್ಟು ಜಾರೀತು." ಅದಕ್ಕೆ ನನಗೆ ಖರೇನೇ ನಗು ಬಂತು. ತಲೆ ಹಿಂದೆ ಚೆಲ್ಲಿ, ತೊಡೆ ಬಡಿದುಕೊಂಡು, ಕಿರುನಾಲಿಗೆ ಕಾಣುವ ಹಾಗೆ ನಕ್ಕೆ.

"ಸೂಪರ್ ಅಂಕಲ್! ಇದೇ ಬೇಕಿತ್ತು!"

ಮುಂದೆ ಸಮಾರಂಭ ನಡೆಯಿತು, ಎರಡು ಗಂಟೆ ರಾತ್ರಿವರೆಗೆ. ನಮ್ಮ ಹೀರೋನ ಬೆನ್ನು ಕಂಡಿತು, ಅದೂ ಕಂಬದ ಒಂದು ಪಕ್ಕದಿಂದ. ನಡುವೆ ಒಬ್ಬ ಹೀರೋಯಿನ್ ಡಾನ್ಸಿಗೆ ಡ್ರೆಸ್ ಬದಲಿಸಲು ಎದ್ದು ಹೋದಳು. ಕ್ಯಾಮೆರಾಕ್ಕೆ ಖಾಲಿ ಜಾಗ ಕಾಣಬಾರದಂತೆ. ಅದೇ ಹುಡುಗ ಇಳಕಲ್ ಸೀರೆ ನೋಡಿ ನನ್ನ ಹೆಂಡತಿಯನ್ನು ಕರೆದೊಯ್ದು ಸೋಫಾದಲ್ಲಿ ಕೂರಿಸಿದ. ಹತ್ತು ನಿಮಿಷಕ್ಕೆ ಎಬ್ಬಿಸಿ ಕಳಿಸಿದ. "ಸೋಫಾ ಇನ್ನೂ ಬೆಚ್ಚಗಿತ್ತು ನೋಡ್ರಿ" ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಮೂರು ಸಲ ಹೇಳಿದಳು.

ನನಗೆ ಬಸ್ಸಿನಲ್ಲಿ ಬನಶಂಕರಿ ಜಾತ್ರೆ ನೆನಪಾಯಿತು. ಸಣ್ಣವನಿದ್ದಾಗ ಅಪ್ಪನ ಜೊತೆ ಕಂಪನಿ ನಾಟಕಕ್ಕೆ ಹೋಗುತ್ತಿದ್ದೆ. ಕಂಬಳಿ ಹೊದ್ದು ನೆಲದ ಮೇಲೆ ಕೂತರೆ ಬೆಳಕು ಹರಿಯುವವರೆಗೆ ನಾಟಕ. ಹಾಡು ಹಿಡಿಸಿತೋ, ಮಂದಿ 'ಒನ್ಸ್ ಮೋರ್' ಅಂತ ಒದರುತ್ತಿದ್ದರು. ಆಗ ಸತ್ತು ಬಿದ್ದ ರಾಜ ಎದ್ದು ಕೂತು, ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಿದ್ದ. ಅಪ್ಪ ಒದರಿದ್ದಕ್ಕೇ ರಾಜ ಎದ್ದ ಅಂತ ನಾನು ತಿಳಿದಿದ್ದೆ. ಅಲ್ಲಿ ಯಾವ ಹುಡುಗನೂ ಬಂದು ಅಪ್ಪನಿಗೆ ಎನರ್ಜಿ ಸಾಲ್ದು ಅನ್ನಲಿಲ್ಲ.

ಇರಲಿ. ಭಾನುವಾರ ಟಿವಿಯಲ್ಲಿ ಬರುತ್ತದೆ ಅಂತ ಹೆಂಡತಿ ಓಣಿಗೆಲ್ಲ ಹೇಳಿ ಬಂದಿದ್ದಳು. ಮನೆ ತುಂಬ ಮಂದಿ, ಗಿರಮಿಟ್ಟು, ಚಹಾ. ಮೂರು ತಾಸು ಕಾದರೂ ನಾವಿಲ್ಲ. ಆಮೇಲೆ ಲೈಟು ಮಂದವಾಯಿತು. ಕೊಳಲು ಶುರುವಾಯಿತು. ಆ ವರ್ಷ ತೀರಿಕೊಂಡ ಕಲಾವಿದರ ಕಪ್ಪು ಬಿಳುಪು ಫೋಟೊ, ಪಕ್ಕದಲ್ಲಿ ಒಂದು ದೀಪ. ಒಂದು ಫೋಟೊ, ಇನ್ನೊಂದು ಫೋಟೊ, ಆಮೇಲೆ ನಾನು. ತಲೆ ಹಿಂದೆ ಚೆಲ್ಲಿ, ತೊಡೆ ಬಡಿದುಕೊಂಡು.

ಮನೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ಗಿರಮಿಟ್ಟು ಅಗಿಯುವ ಸಪ್ಪಳವೂ ನಿಂತಿತು. ಎರಡೇ ನಿಮಿಷದಲ್ಲಿ ಗುಳೇದಗುಡ್ಡದಿಂದ ಅಣ್ಣನ ಫೋನು. "ಏನಾಗೈತೋ ನಿನಗ?"

ಹೆಂಡತಿ ಮಾತ್ರ ಕಾಮಿಡಿ ಪ್ರಶಸ್ತಿ ಕೊಡುವಾಗ ಬಂದಳು, ಕಣ್ಣೊರೆಸಿಕೊಳ್ಳುತ್ತ. ಅದನ್ನು ಯಾರೂ ಕೇಳುತ್ತಿಲ್ಲ, ನೋಡಿ.

ನಾಳೆ ಸಂಜೆ ಮರುಪ್ರಸಾರ ಇದೆಯಂತೆ. ಪರಿಚಯದ ಲೈನ್‌ಮನ್ ಒಬ್ಬರಿದ್ದಾರೆ. ಒಂದರ್ಧ ತಾಸು ನಮ್ಮ ಸೆಕ್ಟರಿನ ಕರೆಂಟ್ ತೆಗೆಯೋಕಾಗುತ್ತಾ ಅಂತ ಕೇಳಿದೆ.

"ಆಗೂದಿಲ್ರೀ ಸರ. ನೀವು ನಗೂದನ್ನ ನಾನೂ ನೋಡಬೇಕಂತ ಮಾಡೀನಿ."