ಸತ್ಯಾಂಶ: ಅಕ್ವೇರಿಯಂನ ಬಸವನಹುಳು ಗಿಡಗಳಿಗೆ ಶತ್ರುವೇ?

"ಗಿಡ ನೆಟ್ಟ ಅಕ್ವೇರಿಯಂನಲ್ಲಿ ಒಂದೇ ಒಂದು ಬಸವನಹುಳು ಕಂಡರೂ ಗಿಡಗಳೆಲ್ಲ ನಾಶ, ಕೂಡಲೇ ಮೈಲುತುತ್ತ ಹಾಕಿ" ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಎರಡನೆಯ ಮಾತಂತೂ ಅಪಾಯಕಾರಿ.

ಹೊಸ ಗಿಡಗಳ ಜೊತೆ ಬರುವ ಪುಟ್ಟ ಬಸವನಹುಳುಗಳು ಹೆಚ್ಚಾಗಿ ತಿನ್ನುವುದು ಪಾಚಿ, ಕೊಳೆತ ಎಲೆ ಮತ್ತು ಮೀನು ಬಿಟ್ಟ ಆಹಾರವನ್ನು. ತೂತುಬಿದ್ದ ಎಲೆಯ ಮೇಲೆ ಅವು ಕುಳಿತಿದ್ದರೆ, ಆ ಎಲೆ ಬಹುಮಟ್ಟಿಗೆ ಮೊದಲೇ ಸಾಯತೊಡಗಿರುತ್ತದೆ. ಪೊಟ್ಯಾಸಿಯಂ ಕೊರತೆಯಿಂದಲೂ ಎಲೆಗಳಲ್ಲಿ ತೂತು ಬೀಳುತ್ತದೆ. ದೊಡ್ಡ ಆಪಲ್ ಸ್ನೇಲ್‌ಗಳ ಕೆಲವು ಜಾತಿಗಳಂಥ ಕೆಲವೇ ಬಸವನಹುಳುಗಳು ನಿಜಕ್ಕೂ ಗಿಡ ಮೇಯುತ್ತವೆ.

ಮೈಲುತುತ್ತದಲ್ಲಿರುವ ತಾಮ್ರ ಸೀಗಡಿಗಳನ್ನು ಕೊಲ್ಲುತ್ತದೆ, ಪ್ರಮಾಣ ಮೀರಿದರೆ ಮೀನುಗಳನ್ನೂ. ಜೊತೆಗೆ, ನೂರಾರು ಹುಳುಗಳು ಒಮ್ಮೆಗೇ ಸತ್ತು ಕೊಳೆತಾಗ ನೀರಿನಲ್ಲಿ ಮೀನುಗಳಿಗೆ ವಿಷವಾದ ಅಮೋನಿಯಾ ಏರುತ್ತದೆ. ಗಿಡ ಉಳಿಸಲು ಹೊರಟವರು ಮೀನುಗಳನ್ನೇ ಕಳೆದುಕೊಳ್ಳುವುದು ನಿಜಕ್ಕೂ ಸಂಕಟದ ಸಂಗತಿ.

ಹುಳುಗಳು ವಿಪರೀತವಾಗಿದ್ದರೆ ಸಾಮಾನ್ಯವಾಗಿ ನಾವು ಹಾಕುವ ಆಹಾರ ಹೆಚ್ಚಾಗಿದೆ ಎಂದರ್ಥ. ಮೀನುಗಳು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ರಾತ್ರಿ ಸೌತೆಕಾಯಿಯ ಹೋಳೊಂದನ್ನು ತಳಕ್ಕಿಳಿಸಿ, ಬೆಳಿಗ್ಗೆ ಅದಕ್ಕೆ ಮುತ್ತಿದ ಹುಳುಗಳ ಸಮೇತ ಹೊರತೆಗೆಯಿರಿ. ಕೆಲವು ವಾರ ಹೀಗೆ ಮಾಡಿದರೆ ಸಂಖ್ಯೆ ತಗ್ಗುತ್ತದೆ. ತೆಗೆದ ಹುಳುಗಳನ್ನು ಕೆರೆಗಾಗಲಿ ಹೊಳೆಗಾಗಲಿ ಬಿಡಬೇಡಿ.